ಹದಿನೇಳನೆಯ ದೃಶ್ಯ

ಕತೆಯನ್ನು ಪೂರ್ತಿ ಕೇಳಿದ ಮೇಲೆ ಬಂಗಾರದ ಅಂಗಡಿಯ ಈಶ್ವರ ಹಂಜಿಯವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಮಹೇಶನ ಮುಖ ನೋಡಿದರು.

"ಕತಿ ಚಲೋ ಐತಿ. ಆದರ ನಂಬಾಕ ಆಗೂದಿಲ್ಲ."

"ಯಾಕ್ರಿ ಕಾಕಾ?"

"ಆ ಹದಿನೇಳನೇ ಸೀನು. ಕಳ್ಳರು ಸಿನಿಮಾದವ್ರಂಗ ಬರ್ತಾರ, ಶೂಟಿಂಗ್ ಅಂತಾರ, ಬಂಗಾರದ ಅಂಗಡಿ ಮಾಲಕ ತಾನ ಎದ್ದು ಕಪಾಟು ತಗದು ಕೊಡ್ತಾನ. ಅಂಥಾ ಹುಚ್ಚ ಮಾಲಕ ಯಾ ಊರಾಗ ಇರ್ತಾನೋ? ನಲವತ್ತ ವರ್ಷ ಆತು ನಾ ಈ ಗಾದಿ ಮ್ಯಾಲ ಕುಂತು. ನನಗ ಗೊತ್ತಾಗೂದಿಲ್ಲೇನು?"

ಮಹೇಶ ಅವರು ಕೊಟ್ಟ ಚಹಾ ಕುಡಿದ. ಹಾಳೆಗಳನ್ನು ಜೋಡಿಸಿ ಚೀಲದಲ್ಲಿಟ್ಟುಕೊಂಡು ಯಮಕನಮರಡಿಯಿಂದ ಗೋಕಾಕದ ಬಸ್ಸು ಹತ್ತಿದ. ಅಂಕಲಗಿ ದಾಟುವ ಹೊತ್ತಿಗೆ ಅವನ ಕಿವಿಗಳು ಬಿಸಿಯಾಗಿದ್ದವು.

ಹದಿನಾಲ್ಕು ವರ್ಷದಿಂದ ಅವನು ಗೋಕಾಕದಲ್ಲಿ ಸಿನಿಮಾದವರ ಬೆನ್ನು ಹತ್ತಿ ಬದುಕಿದ್ದ. ಜಲಪಾತದ ಮುಂದೆ ಹಾಡು ತೆಗೆಯಲು ಯಾವ ತಂಡ ಬಂದರೂ ಲಾಡ್ಜು ಹುಡುಕುವವನು, ಟೆಂಪೊ ಗೊತ್ತು ಮಾಡುವವನು, ಗುಂಪಿನಲ್ಲಿ ನಿಲ್ಲಲು ಜನ ಕರೆತರುವವನು ಅವನೇ. ತೆರೆಯ ಮೇಲೆ ಅವನ ಹೆಸರು ಬಂದದ್ದು ಒಂದೇ ಸಲ, ಅದೂ 'ಗೋಕಾಕ ರಮೇಶ' ಎಂದು. ಮೂರು ವರ್ಷ ಕೂತು ಅವನು ಸ್ವಂತದ್ದೊಂದು ಕತೆ ಬರೆದಿದ್ದ: ದರೋಡೆಕೋರರ ಗ್ಯಾಂಗು, ಅದರ ಬೆನ್ನು ಹತ್ತಿದ ಪೊಲೀಸರು. ಹೆಸರು 'ಘಟಪ್ರಭಾ ಗ್ಯಾಂಗ್'. ಸಿನಿಮಾ ಹುಚ್ಚಿದ್ದ ಹಂಜಿಯವರು ಬಂಡವಾಳ ಹಾಕಬಹುದು ಎಂಬ ಆಸೆಯಿಂದ ಹೋಗಿದ್ದ. ಇಲ್ಲ ಅಂದಿದ್ದರೆ ಅವನು ಸಹಿಸುತ್ತಿದ್ದ. ಕಲಾವಿದರಿಗೆ ಇಲ್ಲ ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಅವನು ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿಂದ ಬರೆದ ದೃಶ್ಯವನ್ನು ಹಿಡಿದು ಅದು ನಡೆಯಲಿಕ್ಕೇ ಸಾಧ್ಯವಿಲ್ಲ ಅಂದದ್ದು ಅವನಿಗೆ ತಡೆಯಲಾಗಲಿಲ್ಲ.

ನಡೆಸಿಯೇ ತೋರಿಸಬೇಕು ಎಂದು ಗಟ್ಟಿ ಮಾಡಿಕೊಂಡದ್ದು ಆ ವಾರವೇ.

ಮಹೇಶ ತನ್ನನ್ನು ಕಳ್ಳ ಅಂದುಕೊಳ್ಳಲಿಲ್ಲ. ನಿರ್ದೇಶಕ ಅಂದುಕೊಂಡ. ಹಾಗಾಗಿ ಯೋಜನೆಯೂ ಸಿನಿಮಾದ ರೀತಿಯಲ್ಲೇ ತಯಾರಾಯಿತು. ಹುಕ್ಕೇರಿ ತಾಲೂಕಿನಲ್ಲಿ ಕದಿಯುವುದು, ಗೋಕಾಕ ತಾಲೂಕನ್ನು ಹಾಯುವುದು, ಮೂಡಲಗಿ ತಾಲೂಕಿನಲ್ಲಿ ಅಡಗುವುದು. ಮೂರು ತಾಲೂಕಿನ ಕಾಗದಪತ್ರ ಒಂದಕ್ಕೊಂದು ಭೇಟಿಯಾಗುವಷ್ಟರಲ್ಲಿ ಬಂಗಾರ ಕರಗಿರುತ್ತದೆ. ಮಸಗುಪ್ಪಿಯಲ್ಲಿ ಅವನ ಸೋದರತ್ತೆ ಬಾಳವ್ವನ ತೋಟದ ಮನೆಯಿತ್ತು. ಸುತ್ತ ಆಳೆತ್ತರ ಕಬ್ಬು. ಬಾಳವ್ವ ಊರೊಳಗಿನ ಮನೆಯಲ್ಲಿರುತ್ತಿದ್ದಳು, ತೋಟಕ್ಕೆ ಬರುವುದು ಸೋಮವಾರ ಮಾತ್ರ.

ಜೊತೆಗೆ ಇಬ್ಬರು ಸಾಕು ಎಂದು ಅವನ ಲೆಕ್ಕ. ಮೂಡಲಗಿಯ ಸತ್ತೆಪ್ಪ ಜೀಪು ಓಡಿಸುವುದರಲ್ಲಿ ಗಟ್ಟಿ, ಮಾತಿನಲ್ಲಿ ಕಡಿಮೆ. ಇನ್ನೊಬ್ಬನಾದ ಓಂಕಾರ, ಕಂಪನಿ ನಾಟಕಗಳಲ್ಲಿ ಇಪ್ಪತ್ತು ವರ್ಷ ಖಳನಾಯಕನ ಪಾರ್ಟು ಮಾಡಿದವನು. ಕಂಪನಿ ಮುಚ್ಚಿದ ಮೇಲೂ ಹುಬ್ಬು ಇಳಿಸಲು ಮರೆತವನು. ಯಮಕನಮರಡಿಯಲ್ಲಿ ಇಬ್ಬರ ಗುರುತೂ ಯಾರಿಗೂ ಇರಲಿಲ್ಲ. ಇರಬಾರದು ಎಂದೇ ಅಂಟು ಗಡ್ಡ, ವಿಗ್ಗು ಬಾಡಿಗೆಗೆ ತಂದಿದ್ದರು.

ಮಹೇಶನ ಗುರುತು ಮಾತ್ರ ಎಲ್ಲರಿಗೂ ಇತ್ತು. ಯೋಜನೆಯ ಸೊಬಗು ಅಲ್ಲೇ ಇತ್ತು ಎಂದು ಅವನಿಗೆ ಅನಿಸುತ್ತಿತ್ತು. ಕ್ಯಾಮೆರಾ ಹಿಡಿದು ಅವನು ಕಳ್ಳರ ಜೀಪಿನಲ್ಲೇ ಕೂರುತ್ತಾನೆ, ಬೆನ್ನಟ್ಟುವ ದೃಶ್ಯವನ್ನು ಮುಂದಿನಿಂದ ತೆಗೆಯಬೇಕಲ್ಲ. ಸಂಜೆ ಹರಿದ ಅಂಗಿ, ಕೈಗೆ ಹಗ್ಗದ ಗಾಯ, ಮೈಗೆ ಮಣ್ಣು ಮಾಡಿಕೊಂಡು ಯಾವುದಾದರೊಂದು ಠಾಣೆಗೆ ಓಡಿ ಅಳುತ್ತಾನೆ: ನಟರೆಂದು ಕೊಲ್ಹಾಪುರದಿಂದ ಕರೆಸಿದವರು ಖರೇ ದರೋಡೆಕೋರರೇ ಆಗಿದ್ದರು, ನನ್ನನ್ನೂ ಕಟ್ಟಿ ಹಾಕಿ ಹೋದರು. ಹಂಜಿಯವರು ಅವನನ್ನು ಸಮಾಧಾನ ಮಾಡಬೇಕಾಗಿ ಬರುತ್ತದೆ. ಆ ದೃಶ್ಯವನ್ನು ಅವನು ಕನ್ನಡಿಯ ಮುಂದೆ ನಿಂತು ಎಷ್ಟೋ ಸಲ ಅಭ್ಯಾಸ ಮಾಡಿದ.

ಹಂಜಿಯವರನ್ನು ಒಪ್ಪಿಸುವುದು ಅವನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು.

"ನೀವು ಹೇಳಿದ್ದು ಖರೆ ಆತ್ರಿ ಕಾಕಾ," ಎಂದು ಗಾದಿಯ ಮುಂದೆ ಕೈ ಕಟ್ಟಿ ನಿಂತ. "ಹುಬ್ಬಳ್ಳಿ ಪ್ರೊಡ್ಯೂಸರೂ ಅದನ್ನ ಅಂದ್ರು. ಆ ಹದಿನೇಳನೇ ಸೀನು ತಗದ ಒಗದೀನಿ. ಈಗ ಸಾದಾ ಕಳ್ಳರು, ಸಾದಾ ದರೋಡಿ. ಅಂಗಡಿ ಮಾಲಕ ಮಾತ್ರ ಭಾಳ ಶಾಣ್ಯಾ ಮನಷ್ಯಾ. ಆ ಪಾರ್ಟು ನೀವ ಮಾಡಬೇಕು."

ಹಂಜಿಯವರು ಕನ್ನಡಕ ತೆಗೆದರು. ಈ ಸಲ ಒರೆಸಲಿಲ್ಲ.

"ಡೈಲಾಗ್ ಎಷ್ಟ ಅದಾವು?"

"ಒಂದ ಐತ್ರಿ. ಬ್ಯಾಡ್ರೋ, ಇದು ನನ್ನ ಜೀವಮಾನದ ದುಡಿಮಿ, ಅಂತ."

"ಒಂದ ಆದರ ಸಾಲೂದಿಲ್ಲ. ನಾಲ್ಕ ಮಾಡು."

"ಮಾಡೂಣ್ರಿ. ಇನ್ನೊಂದ ಮಾತು. ಬಂಗಾರ ಖರೇದು ಬ್ಯಾಡ್ರಿ. ನಾಟಕದ ಸಾಮಾನು ನಾನ ತರ್ತೀನಿ. ಗದ್ದಲದಾಗ ಏನರ ಹೆಚ್ಚು ಕಡಿಮಿ ಆದೀತು."

ಈ ಮಾತನ್ನು ಅವನು ಬಹಳ ಯೋಚಿಸಿ ಇಟ್ಟಿದ್ದ. ಹಂಜಿಯವರು ಗಾದಿಯಿಂದ ಅರ್ಧ ಎದ್ದರು.

"ನನ್ನ ಅಂಗಡ್ಯಾಗ ಖೋಟಾ ಸಾಮಾನು ಇಡ್ತಿಯಾ? ಮೂರು ತಾಲೂಕಿನ ಮಂದಿ ನೋಡ್ತಾರ. ನಾಳೆ ಯಾವಾಕಿ ಬಂದು ನನ್ನ ಕಡೆ ಬೋರಮಾಳ ಮಾಡಿಸ್ತಾಳ? ಖರೇದ ಇರಬೇಕು. ಇಲ್ಲಾ ಅಂದರ ಶೂಟಿಂಗ ಬ್ಯಾಡ."

ಮಹೇಶ ತಲೆ ತಗ್ಗಿಸಿದ. ತಗ್ಗಿಸದಿದ್ದರೆ ಮುಖ ಕಾಣುತ್ತಿತ್ತು.

ಬಂದೋಬಸ್ತಿಗೆ ಪೊಲೀಸರನ್ನು ಕರೆಸುವ ವಿಚಾರಕ್ಕೆ ಓಂಕಾರ ಒಪ್ಪಲಿಲ್ಲ. ಕಳುವು ಮಾಡುವಲ್ಲಿಗೆ ಪೊಲೀಸರನ್ನು ಅರ್ಜಿ ಕೊಟ್ಟು ಕರೆಯುವುದು ಯಾವ ನಾಟಕದಲ್ಲೂ ಇಲ್ಲ ಎಂದು ವಾದಿಸಿದ. ಮಹೇಶ ತಾಳ್ಮೆಯಿಂದ ತಿಳಿಸಿ ಹೇಳಿದ. ಪೊಲೀಸರಿಲ್ಲದ ಶೂಟಿಂಗನ್ನು ಜನ ಅನುಮಾನಿಸುತ್ತಾರೆ; ಪೊಲೀಸರೇ ನಿಂತು ಜನರನ್ನು ಹಿಂದೆ ಸರಿಸಿದರೆ ಯಾರೂ ಅನುಮಾನಿಸುವುದಿಲ್ಲ. ಠಾಣೆಗೆ ಅರ್ಜಿ ಕೊಟ್ಟ. ಬೇರೆ ಕೆಲಸದಲ್ಲಿದ್ದ ಸಾಹೇಬರು ಒಬ್ಬ ಹವಾಲ್ದಾರನನ್ನು ಕಳಿಸುವುದಾಗಿ ಬರೆದುಕೊಟ್ಟರು. ಆ ಹವಾಲ್ದಾರ ಯಾರೆಂದು ಗೊತ್ತಾದಾಗ, ದೇವರೂ ತನ್ನ ತಂಡ ಸೇರಿದ್ದಾನೆ ಎಂದು ಮಹೇಶನಿಗೆ ಅನಿಸಿತು.

ಕೆಂಚಪ್ಪನಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವನು ಟಪಾಲು ಒಯ್ದಿದ್ದ, ಕೋರ್ಟಿನ ಬಾಗಿಲಲ್ಲಿ ನಿಂತಿದ್ದ, ಮಂತ್ರಿಗಳು ಬರುವ ರಸ್ತೆಯಲ್ಲಿ ದನ ಓಡಿಸಿದ್ದ. ಒಬ್ಬ ಕಳ್ಳನನ್ನೂ ಹಿಡಿದಿರಲಿಲ್ಲ. ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದ. ಅವನ ಮೋಟರ್ ಸೈಕಲ್ಲು ಏರಿನಲ್ಲಿ ಅವನಿಗಿಂತ ಹೆಚ್ಚು ಏದುಸಿರು ಬಿಡುತ್ತಿತ್ತು.

"ನಂದೂ ಒಂದು ಪಾರ್ಟು ಹಾಕಾಕ ಬರ್ತೈತೇನ್ರಿ?" ಎಂದು ಅವನು ನಾಚುತ್ತ ಕೇಳಿದ.

ಮಹೇಶನಿಗೆ ಆ ಕ್ಷಣದಲ್ಲೇ ಹೊಳೆಯಿತು. ಜೀಪು ಹೊರಟ ಕೂಡಲೇ ಸಮವಸ್ತ್ರದ ಪೊಲೀಸನೊಬ್ಬ ಗಾಡಿ ಹತ್ತಿ ಬೆನ್ನಟ್ಟಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ. ಅವನು ಎರಡು ಫರ್ಲಾಂಗಿನಲ್ಲಿ ಹಿಂದೆ ಬೀಳುತ್ತಾನೆ. ಎಲ್ಲರೂ ತಂಡ ತಿರುಗಿ ಬರುತ್ತದೆಂದು ನೆರಳಿನಲ್ಲಿ ಕೂತು ಕಾಯುತ್ತಾರೆ.

"ನೀವ ಮುಖ್ಯ ಪೊಲೀಸ್," ಅಂದ.

ಮರುದಿನ ಕೆಂಚಪ್ಪ ಮಹೇಶನ ಗೋಕಾಕದ ಮನೆಗೇ ಬಂದ. ಕಿಸೆಯಲ್ಲಿ ಪ್ರಶ್ನೆ ಬರೆದ ಚೀಟಿಯಿತ್ತು. ತನ್ನ ಪಾರ್ಟಿನ ಹೆಸರೇನು, ಆತನಿಗೆ ಮಕ್ಕಳೆಷ್ಟು, ಕಳ್ಳರ ಮೇಲೆ ಅಷ್ಟು ಸಿಟ್ಟು ಯಾಕೆ. ಮಹೇಶ ಹಲ್ಲುಜ್ಜುತ್ತಲೇ ಬಾಯಿಗೆ ಬಂದದ್ದು ಹೇಳಿದ. ಕೆಂಚಪ್ಪ ಅಷ್ಟನ್ನೂ ಬರೆದುಕೊಂಡ.

"ನಮ್ಮ ಮನ್ಯಾಕಿ ಚನ್ನವ್ವ ಬೀಗರಿಗೆಲ್ಲಾ ಹೇಳ್ಯಾಳ್ರಿ," ಎಂದ ಹೋಗುವಾಗ. "ಮೂವತ್ತೆರಡ ವರ್ಷ ನಾ ಏನ ಮಾಡಿದೆ ಅಂತ ಯಾರರ ಕೇಳಿದ್ರ ಹೇಳಾಕ ಏನೂ ಇರಲಿಲ್ರಿ. ಇನ್ನ ಮ್ಯಾಲ ಇದನ್ನರ ಹೇಳ್ತೀನಿ."

ಮಹೇಶನ ಬ್ರಶ್ಶು ಒಂದು ಗಳಿಗೆ ಬಾಯಲ್ಲೇ ನಿಂತಿತು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿದ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹಂಜಿಯವರ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾಳಿಗೆಗಳ ಮೇಲೆ ಹೆಂಗಸರು, ಲಾರಿಗಳ ಮೇಲೆ ಚಾಲಕರು. ಗರಿಗರಿಯಾದ ಖಾಕಿ ಹಾಕಿದ್ದ ಕೆಂಚಪ್ಪ ಸೀಟಿ ಊದಿ ಜನರನ್ನು ಹಿಂದೆ ಸರಿಸುತ್ತಿದ್ದ. ಹುಕ್ಕೇರಿಯಿಂದ ಟಂಟಂ ಗಾಡಿ ತುಂಬ ಬೀಗರನ್ನು ಕರೆತಂದಿದ್ದ ಚನ್ನವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮದುವೆ ಸ್ಟುಡಿಯೋದಿಂದ ಬಾಡಿಗೆಗೆ ತಂದ ಕ್ಯಾಮೆರಾವನ್ನು ಮಹೇಶ ಸ್ಟ್ಯಾಂಡಿನ ಮೇಲಿಟ್ಟ. ಅದರಲ್ಲಿ ಮೆಮರಿ ಕಾರ್ಡ್ ಇರಲಿಲ್ಲ. ತನ್ನ ಕೈಯಿಂದ ಯಾವ ಪುರಾವೆಯೂ ಹುಟ್ಟಬಾರದು ಎಂದು ಮನೆಯಲ್ಲೇ ತೆಗೆದಿಟ್ಟು ಬಂದಿದ್ದ. ಇಂಥ ಸಣ್ಣ ಸಂಗತಿಗಳೇ ದೊಡ್ಡವರನ್ನು ಹಿಡಿಸಿಕೊಡುತ್ತವೆ ಎಂದು ಅವನಿಗೆ ಗೊತ್ತಿತ್ತು.

ಒಳಗೆ ಹಂಜಿಯವರು ಮುಖಕ್ಕೆ ಪೌಡರು ಹಾಕಿಸಿಕೊಂಡು ಕೂತಿದ್ದರು.

ಹನ್ನೊಂದು ಹತ್ತಕ್ಕೆ ಮಹೇಶ "ಆಕ್ಷನ್" ಎಂದ.

ಓಂಕಾರ ಮುಖಕ್ಕೆ ಕರಿ ವಸ್ತ್ರ ಸುತ್ತಿ, ಬಣ್ಣ ಬಳಿದ ಕಟ್ಟಿಗೆಯ ಪಿಸ್ತೂಲು ಹಿಡಿದು ನುಗ್ಗಿದ. ಇಪ್ಪತ್ತು ವರ್ಷದ ಅಭ್ಯಾಸದಿಂದ ಮೊದಲು ಜನರ ಕಡೆ ತಿರುಗಿ ಒಂದು ನಗೆ ನಕ್ಕ. ಚಪ್ಪಾಳೆ ಬಿತ್ತು. ಹಂಜಿಯವರು ಎದ್ದು ನಿಂತು ತಮ್ಮ ನಾಲ್ಕು ಮಾತುಗಳನ್ನು ಹೇಳಿದರು. ಆಮೇಲೆ ರಾತ್ರಿ ತಾವೇ ಬರೆದುಕೊಂಡಿದ್ದ ಇನ್ನೂ ಆರನ್ನು ಹೇಳಿದರು. ಓಂಕಾರ ಗಾಜಿನ ಕಪಾಟಿನಿಂದ ಸರಗಳನ್ನು ಬಾಚತೊಡಗಿದ. ಅವನು ತಂದಿದ್ದ ಚೀಲದ ಹಿಡಿಕೆ ಹರಿಯಿತು. ಹಂಜಿಯವರೇ ಅಂಗಡಿಯ ಹೆಸರು ಅಚ್ಚಾದ ದೊಡ್ಡ ಚೀಲ ಎತ್ತಿ ಕೊಟ್ಟು, ಹೆಸರು ಕ್ಯಾಮೆರಾ ಕಡೆ ಬರುವಂತೆ ತಿರುಗಿಸಿದರು.

"ಆ ಕಡಿ ಪಾಟಲಿ, ಬಿಲವಾರ ಅದಾವು," ಎಂದು ತುಟಿ ಅಲ್ಲಾಡಿಸದೆ ಹೇಳಿದರು. "ಅವನ್ನ ಬಿಡಬ್ಯಾಡ. ಬೆಳಕಿನ್ಯಾಗ ಚಲೋ ಹೊಳೀತಾವು."

ಓಂಕಾರ ಬಿಡಲಿಲ್ಲ.

ಕ್ಯಾಮೆರಾದ ಹಿಂದೆ ನಿಂತ ಮಹೇಶನ ಕಣ್ಣು ಮಂಜಾಯಿತು. ಮೂರು ವರ್ಷದ ಹಿಂದೆ ಹಾಳೆಯ ಮೇಲೆ ಬರೆದದ್ದು ಒಂದೊಂದಾಗಿ ಕಣ್ಣ ಮುಂದೆ ನಡೆಯುತ್ತಿತ್ತು. ಸತ್ತೆಪ್ಪ ಜೀಪು ತಂದು ನಿಲ್ಲಿಸಿದ, ಓಂಕಾರ ಹಾರಿದ, ಮಹೇಶ ಕ್ಯಾಮೆರಾ ಕಿತ್ತುಕೊಂಡು ಹಿಂದೆ ಹತ್ತಿದ. ಬೆನ್ನಿಗೇ ಕೆಂಚಪ್ಪನ ಮೋಟರ್ ಸೈಕಲ್ಲು ಗುಡುಗಿತು. ಚನ್ನವ್ವ ಸೆರಗು ಬಾಯಿಗೆ ಹಿಡಿದಳು. ಊರಿಗೆ ಊರೇ ಸೀಟಿ ಹೊಡೆಯಿತು.

ಜೀಪು ಹೆದ್ದಾರಿ ಹಿಡಿದು ಸಂಕೇಶ್ವರದ ಕಡೆ ಓಡಿತು. ಎಲ್ಲರೂ ನೋಡಲಿ ಎಂದೇ ಆ ದಿಕ್ಕು. ಮೊದಲನೆಯ ಮೇಲ್ಸೇತುವೆ ಬರುವಷ್ಟರಲ್ಲಿ ಕೆಂಚಪ್ಪ ಒಂದು ಖಾಕಿ ಚುಕ್ಕೆಯಾಗಿದ್ದ, ಆಮೇಲೆ ಅದೂ ಇಲ್ಲ. ಸತ್ತೆಪ್ಪ ಸೇತುವೆಯ ಬುಡದಲ್ಲಿ ಹೊರಳಿ ಒಳರಸ್ತೆ ಹಿಡಿದ. ಪಾಚ್ಛಾಪುರ ಬರುವ ಮೊದಲು ನಿಲ್ಲಿಸಿ ಜೀಪಿನ ಬೆನ್ನಿಗಿದ್ದ ಸಿನಿಮಾದ ಬ್ಯಾನರು ಬಿಚ್ಚಿದರು. ನಂಬರಿನ ಹಲಗೆ ಬದಲಿಸಿದರು.

ಅಂಕಲಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಹತ್ತು ನಿಮಿಷ ನಿಲ್ಲಬೇಕಾಯಿತು. ಓಂಕಾರ ಕೆಳಗಿಳಿದು ಚಹಾ ಕುಡಿದು ಬಂದ. ಗೋಕಾಕದಲ್ಲಿ ಸತ್ತೆಪ್ಪ, ದಿನದ ಮೊದಲ ಮಾತಾಗಿ, ಹೆಂಡತಿ ಕರದಂಟು ತರಲು ಹೇಳಿದ್ದಾಳೆ ಎಂದ. ಮಹೇಶ ಬೇಡವೆಂದ. ಹೆಂಡತಿಗೆ ಏನು ಹೇಳಬೇಕೆಂದು ನೀವೇ ಬರೆದು ಕೊಡಿ ಎಂದು ಸತ್ತೆಪ್ಪ ಗಾಡಿ ನಿಲ್ಲಿಸಿಬಿಟ್ಟ. ಕರದಂಟು ಕೊಂಡರು. ಲೋಳಸೂರ ಸೇತುವೆ ದಾಟುವಾಗ ಮಹೇಶ ಕೆಳಗೆ ಹೊಳೆಯ ನೀರು ನೋಡಿದ. ಮೂರನೆಯ ತಾಲೂಕು ಹತ್ತಿರ ಬರುತ್ತಿತ್ತು. ಈ ಹೊತ್ತಿಗೆ ಯಮಕನಮರಡಿಯಲ್ಲಿ ಜನ ಇನ್ನೂ ಎರಡನೆಯ ಶಾಟಿಗೆ ಕಾಯುತ್ತಿರುತ್ತಾರೆ, ಹಂಜಿಯವರು ಹೊಸ ಮಾತುಗಳನ್ನು ಬಾಯಿಪಾಠ ಮಾಡುತ್ತಿರುತ್ತಾರೆ.

ಬಾಳವ್ವನ ತೋಟದ ಮನೆಯಲ್ಲಿ ಚೀಲ ಬಿಚ್ಚಿ ಚಾಪೆಯ ಮೇಲೆ ಸುರುವಿದರು. ಓಂಕಾರ ಬೋರಮಾಳದ ಒಂದು ಗುಂಡನ್ನು ಜೊತೆಗೆ ತಂದಿದ್ದ ಒರೆಗಲ್ಲಿಗೆ ಉಜ್ಜಿ ನೋಡಿದ. ಅಪ್ಪಟ ಬಂಗಾರ. ಹಂಜಿಯವರು ಆಡಿದ ಮಾತಿಗೆ ತಪ್ಪಿರಲಿಲ್ಲ.

"ಈಗ ಕಡೀ ಸೀನು," ಎಂದ ಮಹೇಶ. ಅಂಗಿಯನ್ನು ತಾನೇ ಹರಿದುಕೊಂಡ. ಕೆನ್ನೆಗೆ ಮಣ್ಣು ಸವರಿಕೊಂಡು ಅಂಗಳದ ಬೇವಿನ ಗಿಡಕ್ಕೆ ಆತು ನಿಂತ. "ಬಿಗಿ ಹಗ್ಗ. ಗಾಯ ಖರೇನ ಆಗಬೇಕು. ಒಂದ ತಾಸು ಇರ್ಲಿ. ಆಮ್ಯಾಲ ಬಿಚ್ರಿ, ನಾ ಬಸ್ಸಿನ್ಯಾಗ ಗೋಕಾಕಕ್ಕ ಹೋಗಿ ಅಳ್ತೀನಿ."

"ಪೊಲೀಸ್ರು ನಂಬ್ತಾರೇನ್ರಿ?" ಎಂದು ಓಂಕಾರ ಗಂಟು ಬಿಗಿಯುತ್ತ ಕೇಳಿದ.

"ಪೊಲೀಸ್ರು ಏನ ನಂಬ್ತಾರ, ಏನ ನಂಬೂದಿಲ್ಲ ಅಂತ ಮೂರು ವರ್ಷ ಬರದೀನಿ. ಹಂಜಿ ಕಾಕಾ ನನ್ನ ತೆಕ್ಕಿ ಹಿಡದು ಅಳ್ತಾನ. ನೀವಿಬ್ರು ಆರು ತಿಂಗಳು ಈ ಕಡಿ ಮಕಾ ಹಾಕಬ್ಯಾಡ್ರಿ. ಆಮ್ಯಾಲ ಮೂರು ಪಾಲು."

ಮೂವರೂ ನಕ್ಕರು. ಸತ್ತೆಪ್ಪ ಕರದಂಟಿನ ಪೊಟ್ಟಣ ಒಡೆದು, ಕೈ ಕಟ್ಟಿಸಿಕೊಂಡಿದ್ದ ಮಹೇಶನ ಬಾಯಿಗೂ ಒಂದು ತುಂಡು ಹಾಕಿದ. ಅದನ್ನು ಅಗಿಯುತ್ತಿರುವಾಗಲೇ ಕಬ್ಬಿನ ಗರಿಗಳು ಸರಸರ ಅಂದವು. ಸಾಲಿನೊಳಗಿಂದ ಕೆಂಚಪ್ಪ ಹೊರಬಂದ.

ಅವನ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಮುಖದ ತುಂಬ ಧೂಳು, ಖಾಕಿ ಪ್ಯಾಂಟಿನ ಒಂದು ಮೊಣಕಾಲು ಹರಿದು ಒಳಗಿನ ಪಟ್ಟಿ ಕಾಣುತ್ತಿತ್ತು. ಒಂದು ಕೈಯಲ್ಲಿ ಲಾಠಿ, ಇನ್ನೊಂದರಲ್ಲಿ ಮೊಬೈಲು.

"ಯಾರೂ ಅಲ್ಲಾಡಬ್ಯಾಡ್ರಿ," ಎಂದ. ಎರಡು ತಿಂಗಳಲ್ಲಿ ಮನೆಗೆ ಹೋಗುವವನ ದನಿ ಅದಾಗಿರಲಿಲ್ಲ. ಓಂಕಾರ ತನಗೆ ತಿಳಿಯದೆಯೇ ಎರಡೂ ಕೈ ಎತ್ತಿದ.

ಮಹೇಶ ಕರದಂಟು ನುಂಗಿದ. "ಕೆಂಚಪ್ಪನವರ... ನೀವು ಇಲ್ಲಿ ಹೆಂಗ ಬಂದ್ರಿ?"

ಕೆಂಚಪ್ಪನ ಮುಖ ಅರಳಿತು. "ಸಂಕೇಶ್ವರ ಕಡಿ ಹೋದಂಗ ಮಾಡಿ ಸೇತುವಿ ಬುಡಕ ಹೊಳ್ಳಿದ್ರಿ. ಅಲ್ಲಿ ಪೇರಲಹಣ್ಣ ಮಾರಾಕಿ ಹೇಳಿದ್ಲು. ಅಂಕಲಗ್ಯಾಗ ಚಹಾದಂಗಡಿಯವ, ಹುಬ್ಬು ಏರಿಸಿದ ಮನಷ್ಯಾ ಒಬ್ಬ ಕುಡದು ಹೋದ ಅಂದ. ಗೋಕಾಕದಾಗ ಕರದಂಟಿನವರು ಹೇಳಿದ್ರು. ಹೊಳಿ ದಾಟಿದ ಮ್ಯಾಲ ಟಾಯರಿನ ಗುರುತ ನೋಡ್ಕೋತ ಬಂದ್ನಿ. ಎರಡ ಸಲ ಬಿದ್ದೇನ್ರಿ. ಇಲ್ಲಿ ಬಂದು ಕಾಲು ತಾಸು ಆತು. ಒಳಗ ಬರೂದು ನನ್ನ ಪಾಳಿಯೋ ಅಲ್ಲೋ ತಿಳೀಲಿಲ್ಲ, ಅದಕ ಕಬ್ಬಿನ್ಯಾಗ ನಿಂತಿದ್ದೆ. ನೀವು ಮೂವರೂ ಆಡಿದ ಡೈಲಾಗ್ ಭಾಳ ಚಲೋ ಇದ್ದೂರಿ. ನಿಮ್ಮ ಕ್ಯಾಮೆರಾ ಜೀಪಿನ್ಯಾಗ ಬಿದ್ದಿತ್ತು. ಸೀನು ಹಾಳಾಗಬಾರ್ದು ಅಂತ ನಾನ ಮೊಬೈಲಿನ್ಯಾಗ ಪೂರಾ ತಗದೀನಿ."

"ಠಾಣೆಕ ಏನರ..." ಎಂದ ಮಹೇಶ. ಹಗ್ಗ ಅವನು ಹೇಳಿದ್ದಕ್ಕಿಂತಲೂ ಬಿಗಿಯಾಗಿತ್ತು.

"ಫೋನ್ ಮಾಡೇನ್ರಿ. ಮೂಡಲಗಿ ಕಡಿಂದ ಒಂದು ಗಾಡಿ, ಗೋಕಾಕ ಕಡಿಂದ ಒಂದು ಬರಾಕತ್ತಾವು. ಅವ್ರಿಗೆ ಶೂಟಿಂಗ ಅಂತ ಹೇಳಿಲ್ರಿ, ಖರೇ ದರೋಡಿ ಅಂತನ ಹೇಳೇನಿ. ಶೂಟಿಂಗ ಅಂದ್ರ ನಮ್ಮವ್ರು ಚಲೋತಂಗ ಓಡೂದಿಲ್ಲ." ಕೆಂಚಪ್ಪ ಬೆವರು ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದಲೇ ಸೇರಿಸಿದ: "ನಡುವ ಎಷ್ಟೋ ಸಲ ನಿಂದರಬೇಕು ಅನಿಸ್ತರಿ. ಮೊಣಕಾಲು ಕೇಳಲಿಲ್ಲ. ಆದರ ನೀವು ಕಟ್ ಅಂದಿರಲಿಲ್ಲ."

ಮಹೇಶ ಗಿಡಕ್ಕೆ ತಲೆ ಆನಿಸಿದ. ಗಡ್ಡ, ವಿಗ್ಗು, ಸೇತುವೆ, ನಂಬರಿನ ಹಲಗೆ, ಮೆಮರಿ ಕಾರ್ಡು, ಮೂರು ತಾಲೂಕು, ಎಲ್ಲವೂ ಬರೆದಿಟ್ಟಂತೆಯೇ ಇದ್ದವು. ಹದಿನಾಲ್ಕು ವರ್ಷ ಬೇರೆಯವರ ಬಾಯಲ್ಲಿ ದಿನಕ್ಕೆ ನೂರು ಸಲ ಕೇಳಿದ್ದ, ತನಗೂ ಹೇಳುವ ಕಾಲ ಬಂದೀತೆಂದು ಆಸೆಪಟ್ಟಿದ್ದ ಆ ಒಂದು ಪದವನ್ನು ಹನ್ನೊಂದು ಹತ್ತರಿಂದ ಈವರೆಗೆ ಅವನು ಹೇಳಿಯೇ ಇರಲಿಲ್ಲ. ಈಗ ಹೇಳಿದ. ದನಿ ಸಣ್ಣದಾಗಿ ಬಂತು. ಆದರೂ ಕೆಂಚಪ್ಪನಿಗೆ ಕೇಳಿಸಿತು. ಅವನು ಕೂಡಲೇ ಲಾಠಿ ಇಳಿಸಿ, ಸಲ್ಯೂಟ್ ಹೊಡೆದು, ಜಗಲಿಯ ಮೇಲೆ ಕಾಲು ಚಾಚಿ ಕೂತು ಕುಡಿಯಲು ನೀರು ಕೇಳಿದ. ತೋಟದ ದಾರಿಯ ಎರಡೂ ತುದಿಯಿಂದ ಗಾಡಿ ನಿಲ್ಲಿಸಿ ಇಳಿದು ಓಡಿ ಬರುತ್ತಿದ್ದವರು ಮಾತ್ರ ನಿಲ್ಲಲಿಲ್ಲ.